ಕೊನೆಯ ಬೆಂಚಿನಿಂದ ಟೀ ಕೊಡುತ್ತಿದ್ದ ನೀರುಗಂಟಿ

ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯಾಗಿ ಇಷ್ಟು ವರ್ಷದಲ್ಲಿ ನನ್ನ ಸಹಿಯಿಂದ ಕೆಲಸ ಕಳೆದುಕೊಂಡವರು ಒಬ್ಬರೇ. ಅವರು ಹೋದ ಸೋಮವಾರ ತೀರಿಕೊಂಡರು ಅಂತ ಹಳೇ ಪಂಚಾಯ್ತಿಯ ಬಿಲ್ ಕಲೆಕ್ಟರ್ ಫೋನ್ ಮಾಡಿ ಹೇಳಿದ. ನಾನಾಗ ಹನೂರಿನ ಆಫೀಸಿನಲ್ಲಿ ಯಾವುದೋ ಫೈಲು ತೆರೆದು ಕೂತಿದ್ದೆ. ಫೋನಿಟ್ಟ ಮೇಲೂ ಅದೇ ಪುಟ ನೋಡಿಕೊಂಡು ಕೂತೇ ಇದ್ದೆ. ಪಕ್ಕದ ಟೇಬಲ್ಲಿನವಳು ಬಂದು "ಯಾಕೆ ಮೇಡಂ, ಹುಷಾರಿಲ್ವಾ?" ಅಂದಾಗಲೇ ಎಚ್ಚರವಾಗಿದ್ದು.

"ಅಂಥ ದೇವರಂಥ ಮನುಷ್ಯನ್ನ ಕೆಲಸದಿಂದ ತೆಗೆದ ಮಹಾತಾಯಿ" ಅಂತ ಆ ಊರಲ್ಲಿ ನನಗೆ ಇವತ್ತಿಗೂ ಹೆಸರಿದೆ. ಇರಲಿ, ಅನ್ನಿಸಿಕೊಳ್ಳುವುದು ನಮ್ಮ ಕೆಲಸದಲ್ಲಿ ಇದ್ದದ್ದೇ. ಆದರೆ ಅದು ಹೇಗಾಯಿತು ಅಂತ ಒಂದು ಸಲ ಹೇಳದೆ ನನಗೆ ಸಮಾಧಾನವಿಲ್ಲ. ಅವರ ಹೆಸರು ಬರೆಯುವುದಿಲ್ಲ. ಬರೆದರೂ ಊರಿನ ಅರ್ಧ ಜನಕ್ಕೆ ಯಾರೂಂತ ಗೊತ್ತಾಗಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ನೀರುಗಂಟಿ, ಅಷ್ಟೇ.

ಮಧುವನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಊರದು. ನನ್ನ ಮೊದಲ ಪೋಸ್ಟಿಂಗು. ನಾನೋ ಕೊಳ್ಳೇಗಾಲ ಪೇಟೆಯವಳು, ಮೂಗಿನ ತುದಿಯಲ್ಲೇ ಕೋಪ. ಪರೀಕ್ಷೆ ಪಾಸು ಮಾಡಿ ಬಂದಿದ್ದೀನಿ ಅನ್ನುವ ಧಿಮಾಕು ಬೇರೆ. ಅವರು ಐವತ್ತು ದಾಟಿದ ಕುಳ್ಳು ಮನುಷ್ಯ, ಹಣೆಗೆ ಮೂರು ಬೆರಳ ವಿಭೂತಿ, ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿ. ಬೆಳಗಾಗೆದ್ದು ಬೀದಿ ಬೀದಿಗೆ ನೀರು ಬಿಡುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ಅವರ ಕೆಲಸ. ಮೀಟಿಂಗ್ ದಿನ ಮಾತ್ರ ಟೀ ಕೊಡುವುದೂ ಅವರದೇ. ಎಷ್ಟು ಕೈ ತೊಳೆದರೂ ಆ ಟೀಯಲ್ಲಿ ಒಂಚೂರು ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಮೊದಮೊದಲು ಮೂಗು ಮುರಿಯುತ್ತಿದ್ದೆ. ಆಮೇಲೆ ಬೇರೆ ಊರಿಗೆ ವರ್ಗವಾಗಿ ಹೋದಾಗ ಅಲ್ಲಿನ ಟೀ ಸಪ್ಪೆ ಅನ್ನಿಸಿತು ಅಂದರೆ ನೀವು ನಗುತ್ತೀರಿ.

ಮಣ್ಣಿನೊಳಗೆ ಪೈಪ್ ಎಲ್ಲಿ ಒಡೆದಿದೆ ಅಂತ ಅವರು ನೆಲಕ್ಕೆ ಕಿವಿಯಿಟ್ಟು ಹೇಳುತ್ತಿದ್ದರು. ರಸ್ತೆ ಮಧ್ಯೆ ಮೊಣಕಾಲೂರಿ, ಟವೆಲು ಹಾಸಿ, ಅದರ ಮೇಲೆ ಕೆನ್ನೆಯಿಟ್ಟು ಮಲಗಿಬಿಡುವರು. ಹಿಂದೆ ಬಂದ ಬೈಕಿನವರು ಹಾರ್ನ್ ಹೊಡೆದರೆ ಕೈಯೆತ್ತಿ, "ತಡ್ಕಳ್ಲಾ, ಅದು ಮಾತಾಡ್ತಾ ಅದೆ" ಅನ್ನುವರು. ಅಗೆದರೆ ಅಲ್ಲೇ ಒಡೆದಿರುತ್ತಿತ್ತು. ಒಂದು ಸಲವೂ ತಪ್ಪಿದ್ದು ನಾನು ಕಾಣೆ.

ಅವರ ಇನ್ನೊಂದು ವಿದ್ಯೆ ಗೊತ್ತಾಗಲು ನಾನೊಂದು ದೊಡ್ಡ ತಪ್ಪು ಮಾಡಬೇಕಾಯಿತು.

ನಾನು ಕೆಲಸಕ್ಕೆ ಸೇರಿದ ವರ್ಷವೇ ಊರಿಗೆ ಡೆಂಗಿ ಬಂತು. ಅಧ್ಯಕ್ಷರ ಮೊಮ್ಮಗನೂ ಆಸ್ಪತ್ರೆ ಸೇರಿದ. ಅವರು ಒಳ್ಳೆಯವರೇ, ಆದರೆ ಅವತ್ತು ಮೀಟಿಂಗಿಗೆ ಬಂದವರ ಮುಖದಲ್ಲಿ ರಕ್ತವಿರಲಿಲ್ಲ. ಕೂತವರೇ, "ನಾಳೆ ಒತ್ತಾರೆ ಊರ್ಗೆಲ್ಲ ಸೊಳ್ಳೆ ಔಸ್ದಿ ಒಗೆ ಒಡ್ಸಣ. ಒಂದು ಮನೆ ಬುಡ್ಬಾರ್ದು, ಒಂದು ಸಂದಿ ಬುಡ್ಬಾರ್ದು" ಅಂದರು. ಕೂತಿದ್ದ ಹನ್ನೊಂದು ಜನ ಸದಸ್ಯರೂ ಹೂಂ ಅಂದರು. ನಾನೂ ಬರೆದುಕೊಳ್ಳಲು ಶುರುಮಾಡಿದೆ. ಇಷ್ಟು ಬೇಗ ಒಮ್ಮತ ಬಂತಲ್ಲಾ ಅಂತ ಒಳಗೊಳಗೇ ಖುಷಿ. ಅಷ್ಟರಲ್ಲಿ ಟೀ ತಂದ ನೀರುಗಂಟಿ ಬಾಗಿಲಲ್ಲಿ ನಿಂತು, "ಮೇಡಮ್ನೋರೆ, ಒಂದ್ ಮಾತು..." ಅಂದರು. ನಾನು ತಲೆಯೆತ್ತದೆ, "ಟೀ ಇಟ್ಟು ಹೋಗಪ್ಪಾ, ಮೀಟಿಂಗ್ ನಡೀತಿದೆ ಕಾಣಲ್ವಾ?" ಅಂದೆ. ಇಟ್ಟು ಹೋದರು.

ಮಾರನೇ ದಿನ ಬೆಳಿಗ್ಗೆ ಫಾಗಿಂಗ್ ಮಿಷನ್ನು ಊರೆಲ್ಲ ಗುಡುಗಿಕೊಂಡು ತಿರುಗಿತು. ಮಧ್ಯಾಹ್ನ ಅವರು ನನ್ನ ಟೇಬಲ್ಲಿನ ಮುಂದೆ ಬಂದು ನಿಂತು, "ಬನ್ನಿ, ಒಸಿ ಬಂದ್ ಓಗಿ" ಅಂದರು. ಏನು ಎತ್ತ ಹೇಳಲಿಲ್ಲ. ಹಿಂದೆ ಹಿಂದೆ ಹೋದೆ. ಕೆಳಗಿನ ಬೀದಿಯ ಚಿಕ್ಕತಾಯಮ್ಮನ ಮನೆ. ಗಂಡ ಇಲ್ಲದ ಹೆಂಗಸು, ಅರ್ಧ ಎಕರೆ ಹಿಪ್ಪುನೇರಳೆ ಗುತ್ತಿಗೆಗೆ ಮಾಡಿಕೊಂಡು ರೇಷ್ಮೆ ಹುಳ ಸಾಕುತ್ತಿದ್ದಳು. ಊರಲ್ಲಿ ಮಿಕ್ಕವರ ಗೂಡೆಲ್ಲ ಆಗಲೇ ಮಾರ್ಕೆಟ್ಟಿಗೆ ಹೋಗಿತ್ತು. ಇವಳೊಬ್ಬಳದ್ದೇ ತಡ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳ, ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕು. ಒಳಗೆ ಹೋದರೆ ತಟ್ಟೆಗಳ ತುಂಬ ಸೊಪ್ಪು ಹಾಕಿದ್ದು ಹಾಕಿದ ಹಾಗೇ ಇದೆ, ತಿನ್ನುವ ಸದ್ದೇ ಇಲ್ಲ. ಬೆರಳುದ್ದದ ಹುಳ ಎಲ್ಲಾ ಬಾಯಲ್ಲಿ ನೀರು ಕಾರಿಕೊಂಡು ಸತ್ತು ಬಿದ್ದಿದ್ದವು. ಕೊಳ್ಳೇಗಾಲದವಳಾಗಿ ನನಗೆ ರೇಷ್ಮೆ ಅಂದರೆ ಸೀರೆ ಅಂಗಡಿ ಅಷ್ಟೇ. ಹುಳ ನೋಡಿದ್ದೇ ಅವತ್ತು.

ಚಿಕ್ಕತಾಯಮ್ಮ ಬೈಯಲಿಲ್ಲ, ಅಳಲೂ ಇಲ್ಲ. "ಯಾರಾರೂ ಒಬ್ರು ಒಂದ್ ಮಾತ್ ಏಳಿದ್ರೆ ಕಿಟ್ಕಿ ಬಾಗ್ಲುಗೆ ಒದ್ದೆ ಗೋಣಿ ಕಟ್ತಿದ್ದೆ ಕನವ್ವ. ಇಲ್ದಿದ್ರೆ ಎಲ್ಡು ದಿನ ತಡೀರಿ ಅಂತ ಕಾಲ್ ಕಟ್ಕತಿದ್ದೆ" ಅಂದಳು. 

ಹೊರಗೆ ಬಂದವಳಿಗೆ ಎಲ್ಲಿತ್ತೋ ಕೋಪ! ನೀರುಗಂಟಿ ಮೇಲೆ ಹರಿಹಾಯ್ದೆ. "ನಿಮಗೆ ಗೊತ್ತಿತ್ತಲ್ವಾ? ಯಾಕೆ ಹೇಳಲಿಲ್ಲ?"

"ಏಳಕ್ಕೇ ಬಂದಿದ್ದೆ. ಟೀ ಮಡಗ್ಬುಟ್ಟು ಓಗು ಅಂದ್ರಿ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅವರೇ, "ನಂದೂ ತಪ್ಪದೆ. ಒಂದ್ಸಲ ಬಾಯ್ ತೆಗ್ದು ಸುಮ್ಕಾಗ್ಬುಟ್ಟೆ. ಎಲ್ಡನೇ ಸಲ ಏಳ್ಬೇಕಾಗಿತ್ತು. ಈಗ ಓಗಿ, ಮೆಂಬ್ರುಗಳ್ನ ಒಬ್ಬೊಬ್ರನ್ನೇ ಕೇಳಿ, ಯಾರ್ಯಾರ್ಗೆ ಗೊತ್ತಿತ್ತು ಅಂತ" ಅಂದರು.

ಕೇಳಿದೆ. ಹನ್ನೊಂದರಲ್ಲಿ ಏಳು ಜನಕ್ಕೆ ಗೊತ್ತಿತ್ತು! ಒಬ್ಬ ಅವಳ ಪಕ್ಕದ ಮನೆಯವನೇ. ಹಿಂದಿನ ದಿನ ತಾನೇ ಅವಳಿಗೆ ಎರಡು ಹೊರೆ ಸೊಪ್ಪು ಕೊಟ್ಟಿದ್ದಾನೆ. "ಅಧ್ಯಕ್ಷ್ರು ಮೊಮ್ಮಗನ್ ಸಂಕ್ಟದಲ್ಲವ್ರೆ, ಅವ್ರ್ ಮುಂದೆ ಉಳದ್ ಮಾತ್ ಎಂಗಾಡದು" ಅಂದ ಅವನು. ಇನ್ನೊಬ್ಬರು "ಪಕ್ಕದ್ ಮನೆಯವ್ನೇ ಏಳ್ತಾನೆ ಅಂದ್ಕಂಡಿದ್ದೆ" ಅಂದರು. ಅಂಗನವಾಡಿ ಬೀದಿಯ ಸದಸ್ಯೆ, "ದೊಡ್ಡೋರೆಲ್ಲ ಹೂಂ ಅಂದ್ಮೇಲೆ ನಾನೇ ಏನೋ ತಿಳೀದೆ ಯೋಚ್ನೆ ಮಾಡ್ತಿವ್ನಿ ಅನ್ನುಸ್ತು ಮೇಡಂ" ಅಂದಳು. ಎಲ್ಲಕ್ಕಿಂತ ಹೊಟ್ಟೆ ಉರಿದದ್ದು ಅಧ್ಯಕ್ಷರ ಮಾತಿಗೆ. ಅವರು ತಲೆ ಚಚ್ಚಿಕೊಂಡು, "ಒಬ್ರು ಬಾಯ್ ಬುಟ್ಟಿದ್ರೆ ಮೂರ್ ದಿನ ಮುಂದಕ್ಕಾಕ್ತಿದ್ದೆ ಕಣ್ರೀ, ನಾನೇನ್ ರಾಕ್ಷಸ್ನಾ?" ಅಂದರು.

ಆಗ ನನ್ನ ತಲೆಗೆ ಹತ್ತಿದ್ದು. ಕೆಟ್ಟವರು ಸೇರಿ ಕೆಟ್ಟ ತೀರ್ಮಾನ ಮಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ಎಲ್ಲರೂ ಒಳ್ಳೆಯವರೇ. ಒಬ್ಬೊಬ್ಬರನ್ನೇ ಕೇಳಿದ್ದರೆ ಸರಿಯಾಗೇ ಹೇಳುತ್ತಿದ್ದರು. ಒಟ್ಟಿಗೆ ಕೂರಿಸಿದ್ದಕ್ಕೆ ಹನ್ನೊಂದು ಬಾಯಿ ಒಂದು ಬಾಯಾಗಿ, ಅದೂ ತಪ್ಪು ಬಾಯಾಗಿ ಹೋಯಿತು. ಚಿಕ್ಕತಾಯಮ್ಮನಿಗೆ ಅಧ್ಯಕ್ಷರು ಮುಂದಿನ ಬೆಳೆಗೆ ತಾವೇ ನಿಂತು ಹುಳ ಕೊಡಿಸಿದರು ಅನ್ನಿ. ಆದರೆ ಆ ಮನೆಯ ಮುಂದೆ ಹಾದುಹೋಗುವಾಗ ನಾನು ನಾಲ್ಕು ವರ್ಷವೂ ತಲೆತಗ್ಗಿಸಿಯೇ ಹೋಗಿದ್ದೀನಿ.

ಅಲ್ಲಿಂದ ಮುಂದೆ ನೀರುಗಂಟಿ ನನಗೆ ಮೇಷ್ಟ್ರಾದರು. ಮೇಷ್ಟ್ರು ಅಂದರೆ ಪಾಠ ಹೇಳುತ್ತಿದ್ದರು ಅಂತಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ಎರಡು ಮಾತಾಡುವರು, ಅಷ್ಟೇ. ಆ ಬಾಗಿಲಲ್ಲಿ ನಿಂತು ಅವರು ಎಷ್ಟು ಅಧ್ಯಕ್ಷರನ್ನು, ಎಷ್ಟು ಮೀಟಿಂಗನ್ನು ನೋಡಿದ್ದರೋ! "ಕಟ್ಟೆ ಮೇಲೆ ಹೂಂ, ಟೀ ಅಂಗ್ಡೀಲಿ ಊಹೂಂ. ಇಷ್ಟೇ ಮೇಡಮ್ನೋರೆ ನಮ್ಮೂರ್ ಮೀಟಿಂಗು. ನೀವು ಟೀ ಅಂಗ್ಡಿ ಮಾತ್ನ ಒಳೀಕ್ ತರ್ಬೇಕು" ಅಂದಿದ್ದರು ಒಂದು ಸಲ.

ಹೇಗೆ ತರುವುದು ಅಂತ ಕೇಳಿದೆ. ಅವರು ಬಾಯಲ್ಲಿ ಹೇಳಲಿಲ್ಲ, ಮುಂದಿನ ಮೀಟಿಂಗಿನಲ್ಲಿ ಮಾಡಿ ತೋರಿಸಿದರು. ಟೀ ಯಾವಾಗಲೂ ಮೊದಲು ಅಧ್ಯಕ್ಷರಿಗೆ, ಆಮೇಲೆ ಉಪಾಧ್ಯಕ್ಷರಿಗೆ, ಹಾಗೇ ಇಳಿದುಕೊಂಡು ಕೊನೆಯ ಬೆಂಚಿಗೆ ಹೋಗುವುದು ಪದ್ಧತಿ. ಮಾತೂ ಅದೇ ದಾರಿಯಲ್ಲಿ ಇಳಿಯುತ್ತಿತ್ತು. ಅವತ್ತು ನೀರುಗಂಟಿ ಸೀದಾ ಕೊನೆಯ ಬೆಂಚಿಗೆ ಹೋಗಿ, ಬಾಯೇ ಬಿಡದ ಆ ಅಂಗನವಾಡಿ ಬೀದಿಯ ಸದಸ್ಯೆಯ ಕೈಗೆ ಲೋಟ ಕೊಟ್ಟು, "ನೀನೇನಂತೀಯವ್ವ?" ಅಂದುಬಿಟ್ಟರು. ಅವಳು ಬೆಚ್ಚಿಬಿದ್ದಳು. ಟೀ ಕೈಯಲ್ಲಿದೆ, ಎಲ್ಲರೂ ನೋಡುತ್ತಿದ್ದಾರೆ, ಏನಾದರೂ ಹೇಳಲೇಬೇಕು. ಹೇಳಿದಳು. ಚೆನ್ನಾಗೇ ಹೇಳಿದಳು. ಹೀಗೆ ಒಬ್ಬೊಬ್ಬರ ಮಾತೂ ಮುಗಿದು ಟೀ ಅಧ್ಯಕ್ಷರ ಹತ್ತಿರ ಬರುವ ಹೊತ್ತಿಗೆ ಕೆನೆ ಕಟ್ಟಿತ್ತು.

"ಏನ್ಲಾ, ನಂಗೆ ತಣ್ಣಗಿರದಾ?" ಅಂತ ಅಧ್ಯಕ್ಷರು ಗದರಿದರು.

"ಕೊನೇಲ್ ಮಾತಾಡೋರ್ಗೆ ಕೊನೇಲ್ ಟೀ ಸಾ. ಬಿಸಿ ಮಾಡ್ಕಂಡ್ ಬತ್ತೀನಿ ಕೊಡಿ" ಅಂತ ಲೋಟ ವಾಪಸ್ ತೆಗೆದುಕೊಂಡು ಹೋದರು. ಹುಳ ಸತ್ತ ನೆನಪು ಅಧ್ಯಕ್ಷರಿಗೂ ಇತ್ತಲ್ಲ, ನಕ್ಕು ಸುಮ್ಮನಾದರು. ಆಮೇಲೆ ಅದೇ ಪದ್ಧತಿಯಾಯಿತು. ನಮ್ಮ ಪಂಚಾಯ್ತಿಯಲ್ಲಿ ಅಧ್ಯಕ್ಷರು ತಣ್ಣಗಿರೋ ಟೀ ಕುಡೀತಾರಂತೆ ಅಂತ ಯಳಂದೂರು ಕಡೆಯವರೆಲ್ಲ ಆಡಿಕೊಂಡು ನಕ್ಕರು. ನಗಲಿ ಬಿಡಿ.

ಇನ್ನೊಂದು ಉಪಾಯ ಇದಕ್ಕಿಂತ ಮಜಾ. ಊರ ಬಾಗಿಲಲ್ಲಿ ಸಣ್ಣ ನೀರಿನ ಟ್ಯಾಂಕ್ ಕೂರಿಸಬೇಕಿತ್ತು. ಮಾರಿಗುಡಿ ಮುಂದಿನ ತಿರುವಿನಲ್ಲೇ ಆಗಲಿ ಅಂತ ದೊಡ್ಡವರೊಬ್ಬರು ಅಂದಿದ್ದರು, ದೇವಸ್ಥಾನದ ವಿಷಯ ಬೇರೆ, ಯಾರೂ ಎದುರಾಡುವ ಹಾಗಿರಲಿಲ್ಲ. ಯಾರಿಗಾದರೂ ಆಕ್ಷೇಪಣೆ ಇದೆಯಾ ಅಂತ ಕೇಳಿದೆ. ಇಲ್ಲ. ಆಗ ನೀರುಗಂಟಿ ಬಾಗಿಲಿಂದಲೇ, "ಮೇಡಮ್ನೋರೆ, ಅಂಗ್ ಕೇಳ್ಬೇಡಿ. ಟ್ಯಾಂಕು ಕಟ್ಟಾಯ್ತು ಅಂದ್ಕಳಿ. ಒಂದ್ ವರ್ಷ ಆಯ್ತು ಅಂದ್ಕಳಿ. ಕೆಟ್ಟೋಯ್ತು. ಯಾಕ್ ಕೆಟ್ಟೋಯ್ತು, ಅದ್ನ ಕೇಳಿ" ಅಂದರು.

ಅಯ್ಯಯ್ಯೋ, ಕಟ್ಟೆ ಒಡೆದ ಹಾಗೆ ಬಂತು ನೋಡಿ ಮಾತು! ಕಬ್ಬಿನ ಟ್ರ್ಯಾಕ್ಟರ್ ತಿರುಗಿಸುವಾಗ ಗುದ್ದಿರುತ್ತದೆ ಅಂದರು ಒಬ್ಬರು. ಮಾರಿಗುಡಿ ಮುಂದೆ ಕೆಂಡ ಹಾಯುವ ಕೊಂಡದ ದಿನ ಜನ ಮೇಲೆ ಹತ್ತಿ ಪೈಪ್ ಮುರಿದಿರುತ್ತದೆ ಅಂದರು ಇನ್ನೊಬ್ಬರು. ಚೆಲ್ಲಿದ ನೀರೆಲ್ಲ ಗುಡಿ ಬಾಗಿಲಿಗೇ ಬರುತ್ತಲ್ಲಾ ಅಂತ ಮತ್ತೊಬ್ಬರು. ಆ ಜಾಗ ಹೇಳಿದ್ದ ದೊಡ್ಡವರೇ, "ಓ, ಲೈಟ್ ಕಂಬ ಬ್ಯಾರೆ ಅಡ್ಡ ಅದೆ ಅಲ್ವಾ" ಅಂದರು! ಬೇಡ ಅನ್ನಲು ಬಾಯಿ ಬಾರದ ನಮ್ಮ ಜನಕ್ಕೆ, ಕೆಟ್ಟುಹೋದದ್ದರ ಕಥೆ ಹೇಳು ಅಂದರೆ ಎಲ್ಲಿಂದ ಬರುತ್ತದೋ ಆ ಉತ್ಸಾಹ! ಟ್ಯಾಂಕು ಶಾಲೆ ಹಿಂದಕ್ಕೆ ಹೋಯಿತು. ಅಲ್ಲಿ ಈಗಲೂ ನೆಟ್ಟಗಿದೆ.

ಹೀಗೆ ಮೂರು ವರ್ಷ ಕಳೆದವು. ಹಿಂತಿರುಗಿ ನೋಡಿದರೆ ನನ್ನ ನೌಕರಿಯಲ್ಲಿ ಅಷ್ಟು ನೆಮ್ಮದಿಯ ಕಾಲ ಇನ್ನೊಂದಿಲ್ಲ. ಅಮಾವಾಸ್ಯೆಗೆ ಅವರು ಮಾದಪ್ಪನ ಬೆಟ್ಟಕ್ಕೆ ಹೋಗಿ ಬಂದರೆ ನನ್ನ ಟೇಬಲ್ಲಿನ ಮೇಲೆ ಪ್ರಸಾದದ ಪೊಟ್ಟಣ ಇರುತ್ತಿತ್ತು. ನಾನು ಯಾರ ಮೇಲಾದರೂ ಕೂಗಾಡಿದರೆ ಬಾಗಿಲಲ್ಲಿ ಒಂದು ಕೆಮ್ಮು ಕೇಳುತ್ತಿತ್ತು. ನನ್ನ ಅಪ್ಪನಿಗೂ ನಾನು ಅಷ್ಟು ಹೆದರಿದವಳಲ್ಲ.

ನಾಲ್ಕನೇ ವರ್ಷ ಅವರ ಕಣ್ಣು ಮಂಜಾಗುತ್ತಾ ಬಂತು. ಸಕ್ಕರೆ ಕಾಯಿಲೆ. ಆಪರೇಷನ್ ಮಾಡಿಸಿದರೂ ಒಂದು ಕಣ್ಣು ಹೋಗಿಯೇ ಹೋಯಿತು. ಟೀ ಬಗ್ಗಿಸುವಾಗ ಲೋಟದ ಬಾಯಿಗೆ ಬೆರಳಿಟ್ಟುಕೊಂಡು, ಬಿಸಿ ತಾಗಿದಾಗ ನಿಲ್ಲಿಸುತ್ತಿದ್ದರು. ನಾನು ನೋಡಿದ್ದೆ. ಎಲ್ಲರೂ ನೋಡಿದ್ದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅಷ್ಟು ದಿನ ಹೇಗೋ ನಡೆಯಲಿ ಅಂತ ಯಾರೂ ಆ ಮಾತೆತ್ತಲಿಲ್ಲ. ಅಷ್ಟರಲ್ಲಿ ನೀರುಗಂಟಿಗಳಲ್ಲಿ ಯಾರನ್ನು ಮುಂದುವರಿಸುತ್ತೀರಿ, ಸಭೆಯಲ್ಲಿಟ್ಟು ತಿಳಿಸಿ ಅಂತ ಮೇಲಿಂದ ಪತ್ರ ಬಂತು. ನಾನು ಏನು ಮಾಡಿದೆ ಗೊತ್ತೆ? ಮೀಟಿಂಗಿಗೆ ಮೊದಲೇ ಮನೆಯಲ್ಲಿ ಕೂತು "ಮುಂದುವರಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು" ಅಂತ ಬರೆದುಕೊಂಡು ಹೋದೆ. ಅಷ್ಟೆಲ್ಲ ಕಲಿತ ಮೇಲೂ!

ಅವತ್ತೂ ಅವರು ಎಂದಿನಂತೆ ಕೊನೆಯ ಬೆಂಚಿನಿಂದ ಟೀ ಕೊಡುತ್ತಾ ಬಂದರು. ಒಬ್ಬೊಬ್ಬರೂ ಲೋಟ ತೆಗೆದುಕೊಂಡು, ಅವರ ಮುಖ ನೋಡದೆ, "ಇರ್ಲಿ ಬುಡಿ ಮೇಡಂ" ಅಂದರು. ಅಧ್ಯಕ್ಷರೂ "ಇರ್ಲಿ" ಅಂದರು. ನಾನು ಪುಸ್ತಕ ಮುಚ್ಚಲು ಹೋದೆ.

"ಮೇಡಮ್ನೋರೆ, ನನ್ನ ಕೇಳ್ನಿಲ್ಲ ನೀವು."

"ಇದು ನಿಮ್ಮ ವಿಷಯಾನೇ ಅಲ್ವಾ, ನಿಮ್ಮನ್ನೇನು ಕೇಳೋದು?" ಅಂದೆ.

"ಚಿಕ್ಕತಾಯಮ್ಮನ್ನೂ ಯಾರೂ ಕೇಳ್ನಿಲ್ಲ" ಅಂದರು.

 ಅವರು ತಟ್ಟೆ ಕೆಳಗಿಟ್ಟು ಟವೆಲಿನಲ್ಲಿ ಕೈ ಒರೆಸಿಕೊಂಡರು. "ಓದ ತಿಂಗ್ಳು ಕೆಳಗಿನ್ ಬೀದಿ ಮಕ್ಳಿಗೆ ವಾಂತಿ ಆಯ್ತಲ್ಲ. ತಿಥಿ ಊಟದ್ದು ಅಂತ ಎಲ್ರೂ ಅಂದ್ರಿ. ಊಟದ್ದಲ್ಲ. ಬ್ಲೀಚಿಂಗ್ ಪುಡಿ ಅಳ್ತೆ ಕಾಣ್ದೆ ನಾನೇ ಎಲ್ಡು ಮೂರರಷ್ಟು ಸುರ್ದ್ಬುಟ್ಟಿದ್ದೆ. ನಂಗೆ ಅವತ್ತೇ ಗೊತ್ತಾಯ್ತು. ನಿಮ್ಗೂ ಒಸಿ ಜನಕ್ಕೆ ಅನ್ಮಾನ ಇತ್ತು, ಇಲ್ಲ ಅನ್ಬೇಡಿ. ನನ್ ಮೇಲಿನ್ ಪ್ರೀತಿಗೆ ಸುಮ್ಕಿದ್ರಿ."

ಅಧ್ಯಕ್ಷರು, "ಲೇ, ಆಫೀಸ್ನಲ್ಲೇ ಟೀ ಕೊಟ್ಕಂಡ್ ಇರು ಕಣ್ಲಾ, ನೀರ್ ತಂಟೆಗೆ ಓಗ್ಬೇಡ" ಅಂದರು.

"ಆಗಲ್ಲ ಸಾ. ನನ್ನೆಸ್ರು ನೀರ್ಗಂಟಿ ಅಂತ ಇರೋಗಂಟ ಕಣ್ ಕಾಣೋನು ಇನ್ನೊಬ್ಬ ಬರಕಾಗಲ್ಲ. ಈಗ ಏಳಿ, ನಾನ್ ಇನ್ನೊಂದ್ ವರ್ಷ ಇದ್ದೆ ಅಂದ್ಕಳಿ. ಕೆಟ್ಟೋಯ್ತು ಅಂದ್ಕಳಿ. ಏನ್ ಕೆಟ್ಟಿರ್ತದೆ?"

ಟ್ಯಾಂಕಿನ ದಿನ ಅಷ್ಟು ಬಾಯಿ ಮಾಡಿದ ಜನ, ಅವತ್ತು ಒಬ್ಬರೂ ತುಟಿ ಬಿಚ್ಚಲಿಲ್ಲ. ನಾನು ಬರೆದಿದ್ದ ಸಾಲಿನ ಮೇಲೆ ಗೀಟೆಳೆದೆ. ಕೆಳಗೆ ಮುಂದುವರಿಸುವುದಿಲ್ಲ ಅಂತ ಬರೆದೆ, ಸಹಿ ಹಾಕಿದೆ.  ಅವರು ಲೋಟಗಳನ್ನೆಲ್ಲ ತಡವಿ ತಡವಿ ಎತ್ತಿಕೊಂಡು ಹೋದರು. ಅವರು ಹೋದಮೇಲೆ ಅಧ್ಯಕ್ಷರು ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ.

ಅದಾದ ಕೆಲವೇ ತಿಂಗಳಿಗೆ ನನಗೆ ವರ್ಗವಾಯಿತು. ಗೋಪಿನಾಥಂ ಕಡೆ ಹೋದೆ, ಆಮೇಲೆ ಹನೂರು. ಒಂದೆರಡು ಸಲ ಆ ಊರಿನ ಹತ್ತಿರವೇ ಹೋದರೂ ಅವರ ಮನೆಗೆ ಹೋಗಲು ಧೈರ್ಯವಾಗಲಿಲ್ಲ. ಕೆಲಸ ಹೋದಮೇಲೆ ಅವರ ಹೆಂಡತಿ ಕಂಡವರ ಹೊಲದಲ್ಲಿ ಸೊಪ್ಪು ಕುಯ್ಯಲು ಹೋಗುತ್ತಾರೆ ಅಂತ ಕೇಳಿದ್ದೆ. ಯಾವ ಮುಖ ಹೊತ್ತು ಹೋಗಲಿ?

ಮೊನ್ನೆ ಹೋದೆ. ಆ ಅಮ್ಮ ಗೋಡೆಗೆ ಒರಗಿ ಕೂತಿದ್ದರು. ಪಕ್ಕದಲ್ಲಿ ಕೂತು, "ಅವ್ವ, ಅವರನ್ನ ಕೆಲಸದಿಂದ ತೆಗೆದವಳು ನಾನೇ" ಅಂದೆ.

"ಗೊತ್ತು ಕನವ್ವ. ನಿನ್ ಮೇಲೆ ಬೋ ಕೋಪ ಇತ್ತು ನಂಗೆ" ಅಂದರು. ಮತ್ತೆ ಅವರೇ ಶುರುಮಾಡಿದರು. "ಆ ಮೀಟಿಂಗ್ ದಿನ ಮುದ್ದೆ ಇಕ್ವಾಗ ನಾನೇ ಏಳಿದ್ದೆ. ಕಣ್ಣಿನ್ ಮಾತ ಯಾರ್ ಮುಂದೂ ಆಡ್ಬ್ಯಾಡ, ಎಲ್ಡ್ ವರ್ಷ ಎಂಗೋ ತಳ್ಳು, ನಾನ್ ಬೇಕಾದ್ರೆ ಜೊತೇಲ್ ಬಂದು ಪುಡಿ ಅಳ್ದ್ ಕೊಡ್ತೀನಿ ಅಂತ. ಹೂಂ ಅಂದ. ಉಂಡ್ಕಂಡು ಎದ್ದೋದ. ಬಂದು ಇಂಗಿಂಗಾಯ್ತು ಅಂತಾನೆ! ಅಲ್ಲಾ, ನಂಗೆ ಹೂಂ ಅಂದೆ ತಾನೆ ನೀನು ಅಂದ್ರೆ, ನಿಂಗೆ ಎದುರಾಡಕ್ ನಂಗೆ ಧೈರ್ಯ ಬರ್ನಿಲ್ಲ ಕನಾ ಅಂದ."

ನಾನು ಅವರ ಕೈ ಹಿಡಿದುಕೊಂಡೆ. "ಕೋಪ ಹೋಯ್ತಾ ಅವ್ವ?" ಅಂತ ಕೇಳಿದೆ.

"ನಿನ್ ಮೇಲಿಂದು ಯಾವಾಗ್ಲೋ ಓಯ್ತು" ಅಂದರು, ಸೆರಗಿನಲ್ಲಿ ಕಣ್ಣೊತ್ತಿಕೊಳ್ಳುತ್ತಾ. "ಅವನ್ ಮೇಲಿಂದು ಇನ್ನೂ ಒಸಿ ಅದೆ."